ಮೂರು ಸೂರ್ಯರ ಕಾದಂಬರಿ 80ನೇ ಪುಟದಲ್ಲಿ ನಿಂತುಹೋದಾಗ

ಪ್ರಶ್ನೆ: ಮೇಡಂ, ಫ್ರೆಂಡ್ ಒಬ್ಬಳು ಲಿಯು ತ್ಸಿಶಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಮ್' ಇಂಗ್ಲಿಷ್ ಅನುವಾದ ಕೊಟ್ಲು. ಸೈನ್ಸ್ ಫಿಕ್ಷನ್ ಥ್ರಿಲ್ಲರ್, ಕೆಳಗಿಡೋಕೆ ಮನಸ್ಸು ಬರಲ್ಲ ಅಂದ್ಲು. ನಾನು 80 ಪುಟಕ್ಕೆ ನಿಂತುಬಿಟ್ಟಿದೀನಿ. ಚೀನೀ ಹೆಸರು ಒಂದೂ ತಲೇಲಿ ನಿಲ್ತಿಲ್ಲ, ಶುರುವಲ್ಲಿ ಬರೋ ಇತಿಹಾಸ ಗೊತ್ತಿಲ್ಲ, ಫಿಸಿಕ್ಸ್ ಅಂತೂ ಪಿಯುಸಿಗೇ ಮುಗೀತು. ಸೀರೀಸ್ ನೋಡಿಬಿಡು ಅಂತಾನೆ ತಮ್ಮ. ಅನುವಾದದಲ್ಲಿ ಓದಿದ್ರೆ ಅರ್ಧ ಪುಸ್ತಕ ಓದಿದ ಹಾಗೆ ಅಂತಾರೆ ಆಫೀಸಲ್ಲಿ ಒಬ್ರು. ಮುಂದುವರೆಸ್ಲಾ, ಬಿಟ್ಟುಬಿಡ್ಲಾ? ಇನ್ನೊಂದು, ನಮ್ಮಪ್ಪ ರಿಟೈರ್ಡ್ ಮೇಷ್ಟ್ರು, ಕನ್ನಡ ಬಿಟ್ಟು ಬೇರೆ ಓದಲ್ಲ. ಅವರಿಗೆ ಈ ಕಥೆ ಹೇಳೋಕಾಗುತ್ತಾ?

ಉತ್ತರ: ಬಿಡಬೇಡಿ. ಆದ್ರೆ 81ನೇ ಪುಟದಿಂದ ಮುಂದುವರೆಸೋದೂ ಬೇಡ, ವಾಪಸ್ ಮೊದಲನೇ ಪುಟಕ್ಕೆ ಹೋಗಿ. ಇದು ಶಿಕ್ಷೆ ಅನ್ಕೋಬೇಡಿ, ಯಾಕೆ ಹೇಳ್ತಿದೀನಿ ಅಂದ್ರೆ ನಾನೂ ಮೊದಲ ಸಲ ಓದಿದಾಗ ಆ ಶುರುವಿನ ಅಧ್ಯಾಯಗಳನ್ನ ಬರೀ ಹಿನ್ನೆಲೆ ಅನ್ಕೊಂಡು ಕಣ್ಣಾಡಿಸ್ಕೊಂಡು ಹೋದೆ, ಥ್ರಿಲ್ಲರ್ ಎಲ್ಲಿ ಶುರುವಾಗುತ್ತೆ ಅಂತ ಕಾಯ್ತಾ ಕಾಯ್ತಾ ಓದಿದೆ, ಕೊನೆಗೆ ಎಲ್ಲ ಗುಟ್ಟೂ ಬಿಚ್ಚಿಕೊಂಡ ಮೇಲೂ ನನಗೆ ಒಂದೇ ಒಂದು ಪ್ರಶ್ನೆ ಉಳ್ಕೊಳ್ತು: ಅಷ್ಟು ಬುದ್ಧಿವಂತ ಹೆಂಗಸು, ಅಂಥಾ ಕೆಲಸ ಯಾಕೆ ಮಾಡಿದ್ಲು? ಎರಡು ವರ್ಷ ಬಿಟ್ಟು ಮತ್ತೆ ಓದಿದಾಗ ಗೊತ್ತಾಯ್ತು, ಉತ್ತರ ಮೊದಲ ಅಧ್ಯಾಯದಲ್ಲೇ ಇತ್ತು, ನಾನು ಅದನ್ನ ದಾಟ್ಕೊಂಡು ಹೋಗಿದ್ದೆ. ಈ ಕಾದಂಬರಿಯ ಥ್ರಿಲ್ ಶುರುವಾಗೋದು 1967ರಲ್ಲೇ. ಚೀನೀ ಅಂತ, ಪರಕೀಯ ಅಂತ ನಿಮಗೆ ಅಡ್ಡ ಬರ್ತಿರೋದೇ ಈ ಪುಸ್ತಕದ ಎಂಜಿನ್ನು. ಅನುವಾದಕರು ಅದನ್ನ ಮುಚ್ಚಿಡದೆ ಎದುರಿಗೆ ತಂದಿಟ್ಟಿದಾರೆ.

ಮೊದಲು ಆ ಇತಿಹಾಸ, ಎಷ್ಟು ಬೇಕೋ ಅಷ್ಟೇ ಹೇಳ್ತೀನಿ. 1966ರಲ್ಲಿ ಮಾವೋ ಸಾಂಸ್ಕೃತಿಕ ಕ್ರಾಂತಿ ಅಂತ ಶುರು ಮಾಡಿದ್ರು, ಅದು ಮುಗಿದಿದ್ದು 1976ರಲ್ಲಿ, ಅವರು ತೀರಿಕೊಂಡ ಮೇಲೆ. ರೆಡ್ ಗಾರ್ಡ್ ಅಂದ್ರೆ ಸೈನಿಕರಲ್ಲ, ಸ್ಕೂಲು ಕಾಲೇಜಿನ ಹುಡುಗ ಹುಡುಗೀರು. ಹಳೇ ವಿಚಾರ, ಹಳೇ ಸಂಪ್ರದಾಯ ಎಲ್ಲ ಒಡೀರಿ ಅಂತ ಮೇಲಿಂದ ಕರೆ ಬಂತು, ಅವರು ಮೊದಲು ತಿರುಗಿ ಬಿದ್ದಿದ್ದು ತಮ್ಮ ಮೇಷ್ಟ್ರುಗಳ ಮೇಲೆ. ಬಹಿರಂಗ ಸಭೆ ಸೇರಿಸೋದು, ಮೇಷ್ಟ್ರನ್ನ ವೇದಿಕೆ ಮೇಲೆ ನಿಲ್ಲಿಸೋದು, ಅವಮಾನ ಮಾಡೋದು, ಹೊಡೆಯೋದು, ತಪ್ಪೊಪ್ಪಿಕೋ ಅನ್ನೋದು. ಕಾದಂಬರಿಯಲ್ಲಿ ಬೀಜಿಂಗ್‌ನ ಚಿಂಗ್‌ಹುವಾ ಯೂನಿವರ್ಸಿಟಿಯ ಫಿಸಿಕ್ಸ್ ಪ್ರೊಫೆಸರ್ ಒಬ್ರನ್ನ ಹಾಗೆ ನಿಲ್ಲಿಸ್ತಾರೆ, ಅವರ ಮೇಲಿನ ಆರೋಪ ಏನು ಗೊತ್ತಾ, ಸಾಪೇಕ್ಷತಾ ಸಿದ್ಧಾಂತ ಪಾಠ ಮಾಡಿದ್ದು. ಅವರ ಹೆಂಡತಿ, ಅವರೂ ಫಿಸಿಕ್ಸ್ ಓದಿದವರೇ, ವೇದಿಕೆಗೆ ಬಂದು ಗಂಡನ ವಿರುದ್ಧ ಮಾತಾಡ್ತಾರೆ. ಹದಿಹರೆಯದ ನಾಲ್ಕು ಹುಡುಗೀರು ಬೆಲ್ಟ್‌ನಲ್ಲಿ ಹೊಡೆದು ಆ ಮನುಷ್ಯನನ್ನ ಸಾಯಿಸ್ತಾರೆ. ಜನರ ಗುಂಪಲ್ಲಿ ನಿಂತು ಇದೆಲ್ಲ ನೋಡ್ತಿರೋ ಮಗಳೇ ಯೆ ವೆನ್‌ಜಿಯೆ. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವಳು ನಾನು, ಈಗಲೂ ಆ ಪುಟ ಓದುವಾಗ ಕೈ ತಣ್ಣಗಾಗುತ್ತೆ. ನಿಮ್ಮಪ್ಪ ಮೇಷ್ಟ್ರು ಅಂದ್ರಲ್ಲ, ಅವರಿಗೆ ಈ ಅಧ್ಯಾಯ ಹೇಳುವಾಗ ಸ್ವಲ್ಪ ಮೆಲ್ಲಗೆ ಹೇಳಿ.

ಇನ್ನು ನಿಮಗೆ ಗೊತ್ತಿರಬೇಕಾದ ಮುಖ್ಯ ವಿಷಯ. ಇದು 2006ರಲ್ಲಿ ಚೀನಾದ ಒಂದು ವಿಜ್ಞಾನ ಕಥೆಗಳ ಮ್ಯಾಗಜೀನ್‌ನಲ್ಲಿ ಧಾರಾವಾಹಿಯಾಗಿ ಬಂತು, 2008ರಲ್ಲಿ ಪುಸ್ತಕ ಆಯ್ತು. ಆ ಚೀನೀ ಪುಸ್ತಕ ತೆಗೆದ್ರೆ ಮೊದಲು ಸಿಗೋದು ಈ ಸಭೆಯಲ್ಲ. ಅಲ್ಲಿ ಕಥೆ ಇವತ್ತಿನ ಕಾಲದಲ್ಲಿ ಶುರುವಾಗುತ್ತೆ, ನ್ಯಾನೋ ಮೆಟೀರಿಯಲ್ ವಿಜ್ಞಾನಿ ವಾಂಗ್ ಮಿಯಾವ್ ಮನೆಗೆ ಪೊಲೀಸರೂ ಮಿಲಿಟರಿಯವರೂ ಬರ್ತಾರೆ, 1967ರ ಭಾಗ ಮಧ್ಯದಲ್ಲೆಲ್ಲೋ ಹಿಂದಿನ ನೆನಪಿನ ಹಾಗೆ ಬರುತ್ತೆ. ಶುರುವಲ್ಲೇ ಆ ಕಾಲದ ಹಿಂಸೆ ಇಟ್ರೆ ಸೆನ್ಸಾರ್ ಕಣ್ಣಿಗೆ ಬೀಳುತ್ತೆ ಅಂತ ಪ್ರಕಾಶಕರಿಗೆ ಭಯ, ಅದಕ್ಕೇ ಒಳಗೆ ಸೇರಿಸಿದ್ರು. ಇಂಗ್ಲಿಷಿಗೆ ಮಾಡಿದ ಕೆನ್ ಲಿಯು, ಇದನ್ನ ಮುಂದಕ್ಕೆ ತಂದ್ರೆ ಹೇಗೆ ಅಂತ ಲೇಖಕರನ್ನ ಕೇಳಿದ್ರಂತೆ. ಲಿಯು ತ್ಸಿಶಿನ್ ಅವರಿಗೆ ಮೊದಲಿಂದ ಬೇಕಿದ್ದಿದ್ದೂ ಅದೇ ಕ್ರಮ. ಹಾಗಾಗಿ 2014ರಲ್ಲಿ ಬಂದ ಇಂಗ್ಲಿಷ್ ಪುಸ್ತಕದ ಜೋಡಣೆ ಲೇಖಕರ ಮನಸ್ಸಲ್ಲಿದ್ದ ಪುಸ್ತಕಕ್ಕೆ ಚೀನೀ ಮುದ್ರಣಕ್ಕಿಂತ ಹತ್ತಿರ. ಅನುವಾದ ಅಂದ್ರೆ ಅರ್ಧ ಪುಸ್ತಕ ಅಂತ ಹೇಳಿದ್ರಲ್ಲ ನಿಮ್ಮ ಆಫೀಸಿನವರು, ಅವರಿಗೆ ಇದೊಂದು ವಿಷಯ ಹೇಳಿ ನೋಡಿ. ಈ ಇಂಗ್ಲಿಷ್ ಆವೃತ್ತಿಗೇ 2015ರಲ್ಲಿ ಸೈನ್ಸ್ ಫಿಕ್ಷನ್‌ಗೆ ಕೊಡೋ ದೊಡ್ಡ ಪ್ರಶಸ್ತಿ ಹ್ಯೂಗೋ ಬಂತು, ಅನುವಾದಗೊಂಡ ಕಾದಂಬರಿಯೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ನೀವು ನಿಂತಿರೋದು ಎಲ್ಲಿ ಅಂತ ಈಗ ಗೊತ್ತಾಯ್ತಲ್ಲ? 80ನೇ ಪುಟದ ಆಸುಪಾಸಲ್ಲಿ 1967 ಮುಗಿದು, ನಲವತ್ತು ವರ್ಷ ಹಾರಿ, ವಾಂಗ್ ಮಿಯಾವ್ ಕಣ್ಣೆದುರು ಅಂಕಿಗಳು ಕೌಂಟ್‌ಡೌನ್ ಥರ ಇಳಿಯೋಕೆ ಶುರುವಾಗಿರುತ್ತೆ. ಹಿಂದಿನ ಕಥೆಗೂ ಇದಕ್ಕೂ ಏನು ಸಂಬಂಧ ಅಂತ ಗೊತ್ತಾಗದೆ ಕೈ ಬಿಡೋ ಜಾಗ ಅದು, ನನಗೆ ಗೊತ್ತಿರೋರಲ್ಲೇ ಮೂರ್ನಾಲ್ಕು ಜನ ಅಲ್ಲೇ ನಿಂತಿದಾರೆ. ಇನ್ನೊಂದು ಐವತ್ತು ಪುಟ ತಡ್ಕೊಳಿ, ಎರಡು ದಾರಿಗಳೂ ಒಂದೇ ಕಡೆ ಹೋಗ್ತಿವೆ ಅಂತ ನಿಮಗೇ ವಾಸನೆ ಹತ್ತುತ್ತೆ.

ಹೆಸರುಗಳ ವಿಷಯ. ಇಲ್ಲಿ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಸುಲಭ ಆಗಬೇಕು ಅಂತ ನನ್ನ ಅಭಿಪ್ರಾಯ. ಚೀನಾದಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಯೆ ಅನ್ನೋದು ಮನೆತನ, ವೆನ್‌ಜಿಯೆ ಅವಳ ಹೆಸರು. ನಮ್ಮಲ್ಲೂ ಊರು, ಅಪ್ಪನ ಹೆಸರು ಎಲ್ಲ ಮುಂದೆ ಬಂದು ಕೊನೆಗೆ ತಾನೇ ನಮ್ಮ ಹೆಸರು ಬರೋದು? ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಅನ್ನುವಾಗ ಯಾರಿಗೂ ಗೊಂದಲ ಆಗಲ್ಲ. ಮುಂದಿಂದು ಯಾರ ಕಡೆಯವರು ಅಂತ, ಹಿಂದಿಂದು ಯಾರು ಅಂತ, ಅಷ್ಟೇ ಲೆಕ್ಕ. ಎರಡನೇದು, ರೋಮನ್ ಅಕ್ಷರದಲ್ಲಿ ಬರೆದ ಚೀನೀ ಹೆಸರನ್ನ ಇಂಗ್ಲಿಷ್ ಥರ ಓದಬೇಡಿ, ಕ್ಯೂ ಅಕ್ಷರ ಬಂದ್ರೆ ಛ ಹತ್ತಿರದ ಉಚ್ಚಾರ, ಎಕ್ಸ್ ಬಂದ್ರೆ ಶ, ಸಿ ಬಂದ್ರೆ ತ್ಸ. ಒಂದು ಚೀಟಿ ತಗೊಂಡು ಹೆಸರುಗಳನ್ನ ಕನ್ನಡ ಅಕ್ಷರದಲ್ಲಿ ಬರ್ಕೊಳಿ, ಪಕ್ಕದಲ್ಲಿ ಇವರು ಯಾರು ಅಂತ ಒಂದೇ ಪದ, ಅದನ್ನೇ ಬುಕ್‌ಮಾರ್ಕ್ ಮಾಡ್ಕೊಳಿ. ಕನ್ನಡ ಲಿಪಿಯಲ್ಲಿ ಬರೆದ ತಕ್ಷಣ ಅವು ಬಾಯಿಗೆ ಬರುತ್ತವೆ, ಬಾಯಿಗೆ ಬಂದ ಹೆಸರು ತಲೇಲಿ ನಿಲ್ಲುತ್ತೆ. ಇದು ಮೂರು ಸಂಪುಟದ ಕಥೆ, ನಿಮ್ಮ ಕೈಲಿರೋ ಮೊದಲ ಪುಸ್ತಕಕ್ಕೆ ನಿಮಗೆ ಗಟ್ಟಿಯಾಗಿ ಬೇಕಾಗಿರೋದು ಮೂರೇ ಮೂರು ಜನ, ಯೆ ವೆನ್‌ಜಿಯೆ, ವಾಂಗ್ ಮಿಯಾವ್, ಆಮೇಲೆ ಪೊಲೀಸಿನ ಶಿ ಚಿಯಾಂಗ್. ಆ ಪೊಲೀಸನ್ನ ಎಲ್ಲರೂ ದಾ ಶಿ ಅಂತಾರೆ, ಅಂದ್ರೆ ದೊಡ್ಡ ಶಿ. ನಮ್ಮೂರಲ್ಲಿ ದೊಡ್ಡಣ್ಣ, ದೊಡ್ಡಯ್ಯ ಅನ್ನೋ ಹಾಗೆ. ಒರಟು ಬಾಯಿ, ಸಿಗರೇಟು, ಆದ್ರೆ ವಿಜ್ಞಾನಿಗಳೆಲ್ಲ ಕೈಚೆಲ್ಲಿದಾಗ ನೆಟ್ಟಗೆ ನಿಲ್ಲೋನು ಅವನೊಬ್ಬನೇ, ನನಗಂತೂ ಇಡೀ ಪುಸ್ತಕದಲ್ಲಿ ಅವನೇ ಇಷ್ಟ.

ಅಡಿಟಿಪ್ಪಣಿ ಬಿಡಬೇಡಿ. ಥ್ರಿಲ್ಲರ್ ಓದೋರಿಗೆ ಅದು ಅಡ್ಡಿ ಅನ್ಸುತ್ತೆ, ನಿಜ. ಆದ್ರೆ ಕೆನ್ ಲಿಯು ಅವನ್ನ ಅಳೆದು ತೂಗಿ ಹಾಕಿದಾರೆ, ಒಂದೆರಡು ಸಾಲು ಅಷ್ಟೇ. ಅವರು ಹುಟ್ಟಿದ್ದು ಚೀನಾದ ಲಾನ್‌ಜೋದಲ್ಲಿ, ಹನ್ನೊಂದನೇ ವಯಸ್ಸಿಗೆ ಅಮೆರಿಕಕ್ಕೆ ಹೋದವರು, ಪ್ರೋಗ್ರಾಮರ್ ಆಗಿದ್ರು, ವಕೀಲರಾಗಿದ್ರು, ಸ್ವತಃ ಒಳ್ಳೇ ಕಥೆಗಾರರು. ಲಿಯು ಅನ್ನೋ ಹೆಸರು ಒಂದೇ ಆದ್ರೂ ಲೇಖಕರಿಗೂ ಇವರಿಗೂ ನೆಂಟಸ್ತಿಕೆ ಇಲ್ಲ. ಪುಸ್ತಕದ ಕೊನೆಗೆ ಅವರ ಒಂದು ಚಿಕ್ಕ ಟಿಪ್ಪಣಿ ಇದೆ, ಅದನ್ನ ಮೊದಲೇ ಓದಿಬಿಡಿ, ಕಥೆ ಹಾಳಾಗಲ್ಲ. ಒಳ್ಳೇ ಅನುವಾದ ಇಂಗ್ಲಿಷಲ್ಲೇ ಬರೆದ ಹಾಗೆ ಕಾಣಬೇಕಿಲ್ಲ, ಇನ್ನೊಂದು ಜನ ಯೋಚಿಸೋ ರೀತಿ ಅದರೊಳಗಿಂದ ಇಣುಕಬೇಕು ಅನ್ನೋದು ಅವರ ನಿಲುವು. ನಾವು ಇದನ್ನ ಇನ್ನೊಂದು ಕಡೆಯಿಂದ ನೋಡಿದವರು. 'ಸಂಸ್ಕಾರ'ವನ್ನ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ಮಾಡಿದಾಗ ಅಗ್ರಹಾರ ಅಂದ್ರೇನು, ಮಡಿ ಅಂದ್ರೇನು ಅಂತ ಗೊತ್ತಿಲ್ಲದ ಓದುಗ ಎಷ್ಟು ಒದ್ದಾಡಿರಬೇಕು ಯೋಚಿಸಿ, ರಾಮಾನುಜನ್ ಕೂಡ ಹಿನ್ನುಡಿ ಬರೆದೇ ಕೈಗಿಟ್ರು. ಆ ಓದುಗ ಪಟ್ಟ ಪಾಡನ್ನ ಈಗ ನಾವು ಒಂದು ಚೀನೀ ಪುಸ್ತಕಕ್ಕಾಗಿ ಪಡ್ತಿದೀವಿ, ಪಡಬೇಕಾದ್ದೇ.

ಫಿಸಿಕ್ಸ್ ಬಗ್ಗೆ ಹೆದರಬೇಡಿ, ಪಿಯುಸಿ ಸಾಕು, ನಿಜವಾಗ್ಲೂ ಸಾಕು. ಇಬ್ರು ಹುಡುಗೀರು ಕೈ ಕೈ ಹಿಡ್ಕೊಂಡು ಗಿರಗಿರ ತಿರುಗೋ ಆಟ ಆಡಿದೀರಲ್ಲ, ಅದನ್ನ ನೋಡ್ತಿರೋರಿಗೆ ಇನ್ನು ಎರಡು ಸೆಕೆಂಡಿಗೆ ಯಾರು ಎಲ್ಲಿರ್ತಾರೆ ಅಂತ ಹೇಳೋದು ಸುಲಭ. ಸೂರ್ಯ ಮತ್ತು ಒಂದು ಗ್ರಹ ಅಂದ್ರೆ ಇದೇ ಲೆಕ್ಕ, ನ್ಯೂಟನ್ನನ ಸೂತ್ರದಲ್ಲಿ ಪೂರ್ತಿ ಉತ್ತರ ಸಿಗುತ್ತೆ. ಈಗ ಮೂರನೆಯವಳು ಬರ್ತಾಳೆ, ಮೂರೂ ಜನ ಒಬ್ಬರನ್ನೊಬ್ರು ಎಳೀತಾರೆ, ಒಬ್ಬಳ ಜಾಗ ಸ್ವಲ್ಪ ಬದಲಾದ್ರೆ ಉಳಿದಿಬ್ಬರ ಎಳೆತವೂ ಬದಲಾಗುತ್ತೆ, ಅದು ತಿರುಗಿ ಅವಳನ್ನೇ ಎಲ್ಲೆಲ್ಲಿಗೋ ಒಯ್ಯುತ್ತೆ. ಶುರುವಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಕೊನೆಗೆ ಆಕಾಶ ಭೂಮಿ ವ್ಯತ್ಯಾಸ. ಎಲ್ಲ ಸಂದರ್ಭಕ್ಕೂ ಹೊಂದೋ ಒಂದೇ ಸೂತ್ರ ಇದಕ್ಕೆ ಇಲ್ಲ. ಆ ಶೀರ್ಷಿಕೆಯ ಅರ್ಥ ಇಷ್ಟೇ.

ಇದರ ಹಿಂದೆ ಒಂದು ನಿಜವಾದ ಕಥೆ ಇದೆ, ಕಾದಂಬರಿಗಿಂತ ಕಡಿಮೆ ಇಲ್ಲ. ಸ್ವೀಡನ್ನಿನ ದೊರೆ ಎರಡನೇ ಆಸ್ಕರ್‌ನ 60ನೇ ಹುಟ್ಟುಹಬ್ಬಕ್ಕೆ ಒಂದು ಗಣಿತದ ಸ್ಪರ್ಧೆ ಇಟ್ಟಿದ್ರು, 1889ರಲ್ಲಿ ಅದರ ಬಹುಮಾನ ಫ್ರಾನ್ಸಿನ ಹೆನ್ರಿ ಪ್ವಾಂಕಾರೆಗೆ ಬಂತು, ಮೂರು ಕಾಯಗಳ ಸಮಸ್ಯೆ ಮೇಲೆ ಬರೆದ ಪ್ರಬಂಧಕ್ಕೆ. ಅದನ್ನ ಅಚ್ಚಿಗೆ ತಯಾರು ಮಾಡ್ತಿದ್ದ ಫ್ರಾಗ್ಮೆನ್ ಅನ್ನೋ ಯುವ ಗಣಿತಜ್ಞ ಕೆಲವು ಕಡೆ ಅರ್ಥ ಆಗ್ತಿಲ್ಲ ಅಂತ ಪ್ರಶ್ನೆ ಕಳಿಸಿದ್ರು, ಉತ್ತರ ಬರೀತಾ ಬರೀತಾ ಪ್ವಾಂಕಾರೆಗೆ ತನ್ನದೇ ಒಂದು ದೊಡ್ಡ ತಪ್ಪು ಸಿಕ್ತು. ಅಷ್ಟರಲ್ಲಿ ಪ್ರತಿಗಳು ಅಚ್ಚಾಗಿದ್ವು, ಅವನ್ನ ವಾಪಸ್ ತರಿಸಿ ಮತ್ತೆ ಅಚ್ಚು ಹಾಕಿಸೋ ಖರ್ಚು ಪ್ವಾಂಕಾರೆ ಮೇಲೇ ಬಿತ್ತು. ಬಹುಮಾನ ಬಂದಿದ್ದು 2,500 ಕ್ರೋನರ್, ಖರ್ಚಾಗಿದ್ದು 3,500ಕ್ಕೂ ಮೇಲೆ. ಆದ್ರೆ ಆ ತಪ್ಪನ್ನ ತಿದ್ದುವಾಗ ಕಂಡಿದ್ದೇ, ನಾವೀಗ ಕೇಯಾಸ್ ಅಂತೀವಲ್ಲ, ಆ ಕೂದಲೆಳೆಯ ವ್ಯತ್ಯಾಸ ಆಕಾಶ ಭೂಮಿ ಆಗೋದು, ಅದರ ಮೊದಲ ಚಿತ್ರ. ನನ್ನ ಕ್ಲಾಸಲ್ಲಿ ಈ ಕಥೆ ಹೇಳಿದ ದಿನ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ರು.

ಇಷ್ಟೇ ಅಲ್ಲ, ಈ ಸಮಸ್ಯೆ ನಮ್ಮ ಬೆಂಗಳೂರಿಗೂ ಸಂಬಂಧಪಟ್ಟಿದ್ದು. 2023ರ ಸೆಪ್ಟೆಂಬರ್ 2ರಂದು ಹಾರಿಸಿದ ಆದಿತ್ಯ ಎಲ್1 ನೆನಪಿದೆಯಲ್ಲ? ಆ ಎಲ್ ಅಂದ್ರೆ ಲಗ್ರಾಂಜ್, ಇದೇ ಮೂರು ಕಾಯಗಳ ಲೆಕ್ಕವನ್ನ 1772ರಲ್ಲಿ ಮಾಡಿದವರು. ಸೂರ್ಯ ಒಂದು, ಭೂಮಿ ಒಂದು, ಮೂರನೇದು ಲೆಕ್ಕಕ್ಕೇ ಬರದಷ್ಟು ಹಗುರವಾದ ಉಪಗ್ರಹ. ಹಾಗಿದ್ದಾಗ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಒಂದು ಜಾಗ ಸಿಗುತ್ತೆ, ಅಲ್ಲಿಟ್ಟ ನೌಕೆ ಭೂಮಿಯ ಜೊತೆ ಜೊತೆಗೇ ಸೂರ್ಯನ್ನ ಸುತ್ತುತ್ತೆ. ಆದ್ರೆ ಆ ಜಾಗ ಕೋಲಿನ ತುದಿ ಮೇಲೆ ಚೆಂಡು ನಿಲ್ಲಿಸಿದ ಹಾಗೆ, ಆಗಾಗ ಸ್ವಲ್ಪ ಇಂಧನ ಉರಿಸಿ ಸರಿಮಾಡ್ತಾ ಇರಬೇಕು, ಇಲ್ಲಾಂದ್ರೆ ಜಾರಿಹೋಗುತ್ತೆ. ಅದರಲ್ಲಿರೋ ಮುಖ್ಯ ದೂರದರ್ಶಕ ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಮೂರನೇದು ಹಗುರ ಇರೋದ್ರಿಂದ ನಮ್ಮವರು ಹೇಗೋ ನಿಭಾಯಿಸ್ತಿದಾರೆ. ಕಾದಂಬರಿಯಲ್ಲಿ ಮೂರೂ ಸೂರ್ಯರೇ, ಅವುಗಳ ಮಧ್ಯೆ ಸಿಕ್ಕಿಬಿದ್ದಿರೋ ಗ್ರಹದಲ್ಲಿ ಜನ ಬದುಕಬೇಕು. ನಾಳೆ ಬೆಳಗಾಗುತ್ತೋ ಇಲ್ವೋ, ಆದ್ರೆ ಎಷ್ಟು ಸೂರ್ಯ ಹುಟ್ಟುತ್ತಾರೋ, ಯಾರಿಗೂ ಗೊತ್ತಿಲ್ಲ. ಪಂಚಾಂಗವೇ ಬರೆಯೋಕಾಗದ ಊರು ಅದು. ಅಂಥಾ ಜನ ಇನ್ನೊಂದು ಊರು ಹುಡುಕದೆ ಇರ್ತಾರಾ?

ವಾಂಗ್ ಮಿಯಾವ್ ಆಡೋ ವೀಡಿಯೋ ಗೇಮ್ ಅಧ್ಯಾಯಗಳಲ್ಲಿ ಇದನ್ನೆಲ್ಲ ನೋಡ್ತೀರಿ. ಚೀನೀ ಓದುಗರಿಗೆ ಅಲ್ಲಿ ಬರೋ ರಾಜರೆಲ್ಲ ಬಾಲ್ಯದಿಂದ ಗೊತ್ತಿರೋರು, ಝೌ ವೆನ್ ರಾಜ ಅಂದ್ರೆ ಶಕುನ ಗ್ರಂಥ ಬರೆದವನು ಅಂತ ಅಲ್ಲಿಯ ನಂಬಿಕೆ, ಅವನು ಆಕಾಶದ ಲೆಕ್ಕ ಹೇಳ್ತೀನಿ ಅಂತ ಹೊರಟಾಗ ಅವರಿಗೆ ಮೊದಲೇ ಒಂದು ಭಾವ ಮೂಡಿರುತ್ತೆ. ನಮಗೆ ಅದು ಸಿಗಲ್ಲ, ಅಡಿಟಿಪ್ಪಣಿಯಿಂದ ಅರ್ಧ ಸಿಗುತ್ತೆ. ಈ ನಷ್ಟವನ್ನ ಒಪ್ಕೊಂಡೇ ಓದಬೇಕು. ಆದ್ರೆ ಅದೇ ಗೇಮ್‌ನಲ್ಲಿ ಮುಂದೆ ಚಿನ್ ಶಿ ಹುವಾಂಗ್ ಚಕ್ರವರ್ತಿ 3 ಕೋಟಿ ಸೈನಿಕರನ್ನ ಬಯಲಲ್ಲಿ ನಿಲ್ಲಿಸಿ ಮನುಷ್ಯರಿಂದಲೇ ಒಂದು ಕಂಪ್ಯೂಟರ್ ಮಾಡಿಸ್ತಾನೆ, ಆ ಅಧ್ಯಾಯಕ್ಕೆ ಯಾವ ಇತಿಹಾಸವೂ ಬೇಡ, ಯಾವ ಭಾಷೆಯಲ್ಲಿ ಹೇಳಿದ್ರೂ ಮೈ ಝುಮ್ ಅನ್ನುತ್ತೆ.

ಅನುವಾದದಲ್ಲಿ ಏನು ಕಳ್ಕೋತೀವಿ ಅನ್ನೋದಕ್ಕೆ ಒಂದು ಒಳ್ಳೇ ಉದಾಹರಣೆ ಹೇಳ್ಬೇಕು, ಆದ್ರೆ ಅದು ಕಥೆಯ ಕೊನೆಗೆ ಬರೋ ವಿಷಯ. ಗುಟ್ಟು ಬೇಡ ಅನ್ನೋದಾದ್ರೆ ಈ ಮುಂದಿನ ಪ್ಯಾರಾ ಬಿಟ್ಟು ಕೆಳಗೆ ಹೋಗಿ, ಪುಸ್ತಕ ಮುಗಿದ ಮೇಲೆ ವಾಪಸ್ ಬನ್ನಿ.

ಆ ಗ್ರಹದವರು ಒಂದೇ ಒಂದು ಪ್ರೋಟಾನನ್ನ ಬಿಚ್ಚಿ ಹರಡಿ ಅದರ ಮೇಲೆ ಕಂಪ್ಯೂಟರ್ ಕೊರೆದು ಮತ್ತೆ ಮಡಚಿ ಭೂಮಿಗೆ ಕಳಿಸ್ತಾರೆ, ನಮ್ಮ ವಿಜ್ಞಾನ ಮುಂದೆ ಹೋಗದ ಹಾಗೆ ತಡೆಯೋಕೆ. ಇಂಗ್ಲಿಷಲ್ಲಿ ಅದಕ್ಕೆ ಸೋಫಾನ್ ಅಂತ ಹೆಸರು, ಜ್ಞಾನಕ್ಕೆ ಗ್ರೀಕ್‌ನಲ್ಲಿರೋ ಪದಕ್ಕೆ ಪ್ರೋಟಾನ್, ಎಲೆಕ್ಟ್ರಾನ್‌ಗಳ ಬಾಲ ಸೇರಿಸಿ ಕೆನ್ ಲಿಯು ಮಾಡಿದ್ದು. ಚೀನೀಯಲ್ಲಿ ಇದಕ್ಕಿಂತ ಸೊಗಸು ಇದೆ, ಅಲ್ಲಿ ಪ್ರೋಟಾನ್ ಅನ್ನೋ ಪದ ಮತ್ತು ಈ ಬುದ್ಧಿವಂತ ಕಣದ ಹೆಸರು ಎರಡರ ಉಚ್ಚಾರವೂ ಒಂದೇ, ಬರೆಯೋ ಅಕ್ಷರ ಮಾತ್ರ ಬೇರೆ. ಕಿವಿಗೆ ಕೇಳಿದ್ರೆ ವ್ಯತ್ಯಾಸವೇ ಗೊತ್ತಾಗಲ್ಲ, ಮಾಮೂಲಿ ಪ್ರೋಟಾನ್ ವೇಷದಲ್ಲಿ ಬಂದಿರೋ ಗೂಢಚಾರನಿಗೆ ಇದಕ್ಕಿಂತ ತಕ್ಕ ಹೆಸರು ಎಲ್ಲಿ ಸಿಗುತ್ತೆ! ಅದೇ ಅಕ್ಷರಗಳನ್ನ ಜಪಾನಿಯವರು ಓದಿದ್ರೆ ತೊಮೊಕೊ, ಅದು ಅಲ್ಲಿ ಹೆಂಗಸರ ಹೆಸರು, ಮೂರನೇ ಸಂಪುಟದಲ್ಲಿ ಲೇಖಕರು ಅದನ್ನೂ ಬಳಸ್ಕೊಳ್ತಾರೆ. ಇಂಗ್ಲಿಷಿಗೆ ಇದೆಲ್ಲ ದಾಟಲ್ಲ. ನಾನು ಇದನ್ನ ಕನ್ನಡಕ್ಕೆ ಏನಂತ ತರಬಹುದು ಅಂತ ತುಂಬಾ ದಿನ ಯೋಚನೆ ಮಾಡಿದೀನಿ. ಬುದ್ಧಿಕಣ ಅಂದ್ರೆ ಅರ್ಥ ಬರುತ್ತೆ, ಮೋಸ ಬರಲ್ಲ. ಕೊನೆಗೆ ನನಗೆ ಹಿಡಿಸಿದ್ದು ಪ್ರಜ್ಞಾನ್. ಪ್ರೋಟಾನ್, ಪ್ರಜ್ಞಾನ್, ಜೋರಾಗಿ ಒಟ್ಟಿಗೆ ಹೇಳಿ ನೋಡಿ, ಬಾಲ ಒಂದೇ, ಶುರುವಿನ ಪ್ರ ಕೂಡ ಒಂದೇ, ಒಳಗೆ ಅರಿವು ಅಡಗಿ ಕೂತಿದೆ. ಚಂದ್ರಯಾನದ ರೋವರ್ ಹೆಸರು ಅದೇ ಆಗಿರೋದು ಒಂದು ತೊಡಕು, ಆದ್ರೂ ನನಗೆ ಇದೇ ಇಷ್ಟ.

ಎರಡನೇ ಸಂಪುಟ ಜೋಯಲ್ ಮಾರ್ಟಿನ್‌ಸೆನ್ ಅನುವಾದ, 2015ರದ್ದು, ಮೂರನೇದು ಮತ್ತೆ ಕೆನ್ ಲಿಯು, 2016. ಎರಡನೆಯದರಲ್ಲಿ ಕೈ ಬದಲಾಗಿದ್ದು ಗೊತ್ತಾಗುತ್ತೆ, ಸ್ವಲ್ಪ ಒಣ ಅನ್ಸುತ್ತೆ, ಆದ್ರೆ ಯೋಚನೆಯಲ್ಲಿ ಮೂರರಲ್ಲಿ ಅದೇ ಆಳ. ಅದರಲ್ಲಿ ಗೋಡೆಗೆ ಮುಖ ಮಾಡಿ ಕೂರೋರು ಅಂತ ಕೆಲವರು ಬರ್ತಾರೆ, ತಮ್ಮ ಯೋಜನೆಯನ್ನ ಯಾರಿಗೂ ಹೇಳದೆ ಮನಸ್ಸಲ್ಲೇ ಇಟ್ಕೋಬೇಕಾದವರು. ಇಂಗ್ಲಿಷ್ ಓದುಗನಿಗೆ ಅದು ವಿಚಿತ್ರ ಪದ. ಚೀನೀ ಓದುಗನಿಗೆ ತಕ್ಷಣ ನೆನಪಾಗೋದು ಒಂಬತ್ತು ವರ್ಷ ಗೋಡೆಗೆ ಮುಖ ಮಾಡಿ ಧ್ಯಾನಕ್ಕೆ ಕೂತ ಬೋಧಿಧರ್ಮ, ಆತ ದಕ್ಷಿಣ ಭಾರತದಿಂದ ಹೋದವನು ಅಂತ ಅಲ್ಲಿಯ ಸಂಪ್ರದಾಯ ಹೇಳುತ್ತೆ. ನೋಡಿ, ನಮ್ಮ ಕಡೆಯಿಂದ ಹೋದ ನೆನಪೊಂದು ಚೀನೀ ಸೈನ್ಸ್ ಫಿಕ್ಷನ್ ಒಳಗಿಂದ ಇಂಗ್ಲಿಷ್ ದಾಟಿ ನಮಗೇ ವಾಪಸ್ ಬರ್ತಿದೆ.

ಸೀರೀಸ್ ವಿಷಯಕ್ಕೆ ತುಂಬಾ ಹೇಳಲ್ಲ. ಟೆನ್ಸೆಂಟ್‌ನವರ ಚೀನೀ ಸೀರೀಸ್ 2023ರಲ್ಲಿ ಬಂತು, 30 ಕಂತು, ಪುಸ್ತಕಕ್ಕೆ ಹತ್ತಿರ ಹತ್ತಿರ ಹೋಗುತ್ತೆ, ನಿಧಾನ. ನೆಟ್‌ಫ್ಲಿಕ್ಸ್‌ದು 2024ರ ಮಾರ್ಚ್, 8 ಕಂತು, ಈಗಿನ ಕಾಲದ ಕಥೆಯನ್ನ ಹೆಚ್ಚುಕಡಿಮೆ ಇಂಗ್ಲೆಂಡಿಗೆ ಒಯ್ದು ವಾಂಗ್ ಮಿಯಾವ್ ಒಬ್ಬನನ್ನೇ ಹಲವು ಪಾತ್ರ ಮಾಡಿದಾರೆ. 1967ರ ಆ ಸಭೆ ಅದರಲ್ಲಿ ತುಂಬಾ ಚೆನ್ನಾಗಿ ಬಂದಿದೆ, ಅದೊಂದು ಮಾತ್ರ ಒಪ್ಪಬೇಕು. ಆದ್ರೆ ಓದುವಾಗ ಸಿಗೋ ಒಂಟಿತನ, ಒಬ್ಬ ಮನುಷ್ಯನಿಗೆ ಮಾತ್ರ ಕಾಣ್ತಿರೋ ಅಂಕಿಗಳ ಭಯ, ಅದು ಐದು ಜನ ಸ್ನೇಹಿತರು ಕೂತು ಮಾತಾಡುವಾಗ ಕರಗಿಹೋಗುತ್ತೆ. ಮೊದಲು ಓದಿ. ತಮ್ಮನ ಜೊತೆ ಆಮೇಲೆ ನೋಡಿ.

ವಿಜ್ಞಾನದಲ್ಲಿ ಎಲ್ಲ ನಿಜವಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಓದಿದವರು ಖಂಡಿತ ಕೇಳ್ತಾರೆ. ಕಾದಂಬರಿಯಲ್ಲಿ ಬರೋ ಹಾಗೆ ಸೂರ್ಯನನ್ನೇ ಆಂಪ್ಲಿಫೈಯರ್ ಮಾಡಿ ರೇಡಿಯೋ ಸಂದೇಶ ಕಳಿಸೋದು ಕಲ್ಪನೆ. ಸೂರ್ಯನಿಂದ ರೇಡಿಯೋ ಅಲೆ ಬರೋದು ನಿಜ, ಗೌರಿಬಿದನೂರಿನ ಹತ್ರ ಇರೋ ವೀಕ್ಷಣಾಲಯದಲ್ಲಿ ಅದನ್ನ ಹಿಡಿದು ಅಧ್ಯಯನ ಮಾಡ್ತಾರೆ, ಆದ್ರೆ ನಾವು ಕಳಿಸಿದ್ದನ್ನ ಸೂರ್ಯ ಕೋಟಿ ಪಟ್ಟು ಹೆಚ್ಚಿಸಿ ಹೊರಗೆ ಎಸೆಯಲ್ಲ. ಮೂರು ಸೂರ್ಯರ ವ್ಯವಸ್ಥೆ ಅಂತ ಲೇಖಕರು ಆರಿಸಿದ್ದು ಆಲ್ಫಾ ಸೆಂಟಾರಿ, ಅಲ್ಲಿ ನಿಜಕ್ಕೂ ಮೂರು ನಕ್ಷತ್ರ ಇವೆ. ಆದ್ರೆ ದೊಡ್ಡವೆರಡು ಒಂದನ್ನೊಂದು ಸುಮಾರು 80 ವರ್ಷಕ್ಕೊಮ್ಮೆ ಶಿಸ್ತಾಗಿ ಸುತ್ತುತ್ತವೆ, ಮೂರನೇ ಪುಟ್ಟದು ಎಷ್ಟು ದೂರ ಅಂದ್ರೆ ಅದರ ಒಂದು ಸುತ್ತಿಗೆ 5 ಲಕ್ಷ ವರ್ಷಕ್ಕೂ ಮೇಲೆ ಬೇಕು. ಅಲ್ಲಿ ಕಾದಂಬರಿಯ ಗೊಂದಲ ಇಲ್ಲ. ಲೇಖಕರು ಬೇಕಂತಲೇ ತಗೊಂಡ ಸ್ವಾತಂತ್ರ್ಯ ಅದು, ಶಾನ್ಶಿ ಪ್ರಾಂತ್ಯದ ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದವರಿಗೆ ಇದು ಗೊತ್ತಿಲ್ಲದೇ ಇರೋದಲ್ಲ.

ನಿಜವಾಗ್ಲೂ ಯೋಚನೆಗೆ ಹಚ್ಚೋದು ಫಿಸಿಕ್ಸ್ ಅಲ್ಲ. ಅಪ್ಪನ್ನ ಕಳ್ಕೊಂಡ ಯೆ ವೆನ್‌ಜಿಯೆ ಉತ್ತರದ ಕಾಡಿಗೆ ಮರ ಕಡಿಯೋ ಕೆಲಸಕ್ಕೆ ಹೋಗ್ತಾಳೆ, ಅಲ್ಲಿ ಅವಳ ಕೈಗೆ ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' ಸಿಗುತ್ತೆ, ಕ್ರಿಮಿನಾಶಕಗಳ ಬಗ್ಗೆ 1962ರಲ್ಲಿ ಬಂದ ಪುಸ್ತಕ. ಮನುಷ್ಯರು ಸಹಜ ಅನ್ಕೊಂಡು ಮಾಡೋ ಕೆಲಸದಲ್ಲೇ ಇಷ್ಟು ಕೇಡು ಇದೆ ಅನ್ನೋದಾದ್ರೆ ಬೇರೆ ಯಾವುದರಲ್ಲಿ ಇಲ್ಲ ಅಂತ ಅವಳಿಗೆ ಅನ್ಸೋಕೆ ಶುರುವಾಗುತ್ತೆ. ಗಮನಿಸಿ, ಈ ಕಥೆಯ ಬೀಜವೂ ಪರದೇಶದ ಒಂದು ಪುಸ್ತಕ ಓದಿದ್ದರಿಂದಲೇ ಬಿದ್ದಿದ್ದು. ಅಲ್ಲಿಂದ ಅವಳು ಇಡೀ ಮನುಷ್ಯಕುಲದ ಪರವಾಗಿ ಒಂದು ನಿರ್ಧಾರ ತಗೋತಾಳೆ, ಯಾರನ್ನೂ ಕೇಳದೆ. ಅವಳನ್ನ ದ್ವೇಷಿಸೋಕೂ ಆಗಲ್ಲ, ಕ್ಷಮಿಸೋಕೂ ಆಗಲ್ಲ. ನಮ್ಮ ಓದುಗರ ಗುಂಪಲ್ಲಿ ಒಂದು ಭಾನುವಾರ ಇಡೀ ಇದರ ಮೇಲೆ ವಾದ ಆಯ್ತು, ನಾನು ಅವಳ ಪರ ಮಾತಾಡಿದೆ, ಮನೆಗೆ ಬಂದ ಮೇಲೆ ನನ್ನ ಮಾತು ನನಗೇ ಪೂರ್ತಿ ಒಪ್ಪಿಗೆ ಆಗಲಿಲ್ಲ, ಈಗಲೂ ಆಗಿಲ್ಲ.

ಇನ್ನು ನಿಮ್ಮಪ್ಪ. ಖಂಡಿತ ಹೇಳಿ, ಓದಿದ್ದನ್ನ ದಿನಾ ರಾತ್ರಿ ಊಟ ಆದ್ಮೇಲೆ ಒಂದು ಅಧ್ಯಾಯದಷ್ಟು ನಿಮ್ಮ ಮಾತಲ್ಲೇ ಹೇಳಿ. ಆಗ ನಿಮಗೂ ಹೆಸರುಗಳು ನಿಲ್ಲುತ್ತವೆ. ಇಂಗ್ಲಿಷ್ ಸಾಲು ಹಿಡ್ಕೊಂಡು ಪದಕ್ಕೆ ಪದ ಇಡೋಕೆ ಹೋಗಬೇಡಿ. ಗೇಮ್‌ನಲ್ಲಿ ಬಿಸಿಲು ತಡೆಯೋಕಾಗದೆ ಜನ ಮೈಯ ನೀರೆಲ್ಲ ಬಿಟ್ಟು ತೊಗಲಿನ ಹಾಳೆ ಥರ ಸುರುಳಿ ಸುತ್ಕೊಂಡು ಒಳ್ಳೇ ಕಾಲ ಬರೋ ತನಕ ಉಗ್ರಾಣದಲ್ಲಿ ಬಿದ್ದಿರ್ತಾರೆ, ಇಂಗ್ಲಿಷಿನ ಡೀಹೈಡ್ರೇಟ್ ಅನ್ನೋ ಪದ ಅವರಿಗೆ ಆಸ್ಪತ್ರೆ ಡ್ರಿಪ್ ನೆನಪಿಸುತ್ತೆ, ನೀವು ಸುಮ್ನೆ ಒಣಗೋದು ಅನ್ನಿ, ಅಟ್ಟದ ಮೇಲಿನ ಡಬ್ಬದಲ್ಲಿ ಸಂಡಿಗೆ ಇಟ್ಟ ಹಾಗೆ, ನೀರು ಬಿದ್ರೆ ಮತ್ತೆ ಅರಳ್ತಾರೆ ಅನ್ನಿ. ಸೈನಿಕರ ಕಂಪ್ಯೂಟರ್ ಬಂದಾಗ ಮನೇಲಿ ಮೂರು ಜನ ನಿಂತು ತೋರಿಸಿ, ಒಬ್ಬೊಬ್ಬರ ಕೈಯಲ್ಲಿ ಒಂದು ಕಪ್ಪು ಬಟ್ಟೆ ಒಂದು ಬಿಳಿ ಬಟ್ಟೆ, ಮುಂದಿನ ಇಬ್ರೂ ಕಪ್ಪು ಎತ್ತಿದ್ರೆ ಮಾತ್ರ ಮೂರನೆಯವರು ಕಪ್ಪು ಎತ್ತಬೇಕು, ಇಲ್ಲಾಂದ್ರೆ ಬಿಳಿ. ಕಂಪ್ಯೂಟರ್ ಒಳಗೆ ಇರೋದು ಇಂಥವೇ ಕೋಟಿಗಟ್ಟಲೆ, ಮೇಷ್ಟ್ರಾಗಿದ್ದವರಿಗೆ ಎರಡು ನಿಮಿಷ ಸಾಕು.

ಮೇ ಕೊನೆ ಅಥವಾ ಜೂನ್ ಮೊದಲ ವಾರ, ಮೋಡ ಇಲ್ಲದ ರಾತ್ರಿ ಹತ್ತೂ ಕಾಲಿನ ಹೊತ್ತಿಗೆ ಅವರನ್ನ ತಾರಸಿಗೆ ಕರ್ಕೊಂಡು ಹೋಗಿ. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ, ಆ ಕಡೆ ಗುಡ್ಡ ಮರ ಕಟ್ಟಡ ಅಡ್ಡ ಇರಬಾರದು, ಯಾಕಂದ್ರೆ ನೋಡಬೇಕಾದ್ದು ದಿಗಂತದಿಂದ ಹದಿನೈದು ಹದಿನಾರು ಡಿಗ್ರಿಯಷ್ಟೇ ಮೇಲಿರುತ್ತೆ, ಕೈ ಮುಂದೆ ಚಾಚಿ ಮುಷ್ಟಿ ಮೇಲೆ ಮುಷ್ಟಿ ಇಟ್ರೆ ಒಂದೂವರೆ ಮುಷ್ಟಿ. ಅಲ್ಲಿ ಅಕ್ಕಪಕ್ಕ ಎರಡು ಪ್ರಕಾಶಮಾನವಾದ ನಕ್ಷತ್ರ ಕಾಣುತ್ತವೆ, ಬಲಗಡೆ ಇನ್ನೂ ಸ್ವಲ್ಪ ದೂರದಲ್ಲಿ ತ್ರಿಶಂಕು ನಕ್ಷತ್ರಪುಂಜ ವಾಲಿಕೊಂಡಿರುತ್ತೆ. ಆ ಎರಡರಲ್ಲಿ ಎಡಗಡೆಯದೇ ಆಲ್ಫಾ ಸೆಂಟಾರಿ. ದೆಹಲಿಯವರಿಗೆ ಅದು ದಿಗಂತದ ಧೂಳಲ್ಲೇ ಮುಳುಗಿಹೋಗುತ್ತೆ, ನಮ್ಮ ಕರ್ನಾಟಕದಿಂದ ಬರಿಗಣ್ಣಿಗೆ ಸಿಗುತ್ತೆ. ಅಲ್ಲಿಂದ ಬೆಳಕು ಇಲ್ಲಿಗೆ ಬರೋಕೆ 4 ವರ್ಷ 4 ತಿಂಗಳು, ಇವತ್ತು ಇಲ್ಲಿಂದ ಒಂದು ಮಾತು ಕಳಿಸಿದ್ರೆ ಉತ್ತರ ಬರೋಕೆ ಕಮ್ಮಿ ಅಂದ್ರೂ ಎಂಟೂವರೆ ವರ್ಷ. ಕಥೆ ಅಷ್ಟು ಹೊತ್ತಿಗೆ ಎಲ್ಲಿಗೆ ಬಂದಿದ್ರೂ ಪರವಾಗಿಲ್ಲ, ಅವತ್ತು ಅಲ್ಲೇ ಕೂತು ಮುಂದಿನ ಅಧ್ಯಾಯ ಹೇಳಿ.